ಸರೇಸು ಕಾಯಿಸಲು ಕಡಿಮೆ ಖರ್ಚಿನ ಪಾತ್ರೆ: ಆಯ್ಕೆಗೊಂದು ಹೋಲಿಕೆ

ಪ್ರಾಣಿಗಳ ಚರ್ಮದಿಂದ ತಯಾರಾಗುವ ಸರೇಸು, ಮರವಜ್ರವೆಂದೂ ಹೆಸರಿರುವ ಈ ಅಂಟು, ಒಣ ಹರಳುಗಳಾಗಿ ಡಬ್ಬಿಯಲ್ಲಿದ್ದಾಗ ವರ್ಷಗಟ್ಟಲೆ ಕೆಡುವುದಿಲ್ಲ. ಆದರೆ ನೀರಿನಲ್ಲಿ ನೆನೆದು ಒಮ್ಮೆ ಕಾವು ಕಂಡಿತೆಂದರೆ ಅದರ ಆಯುಷ್ಯ ಗಂಟೆಗಳ ಲೆಕ್ಕಕ್ಕೆ ಇಳಿಯುತ್ತದೆ. ಮರದ ತೆಳು ಹಾಳೆಯಾದ ವಿನಿಯರ್ ಹಚ್ಚುವವರು, ಪಿಟೀಲು ಮತ್ತು ಗಿಟಾರುಗಳನ್ನು ಕಟ್ಟುವವರು, ಹಳೆಯ ಪೀಠೋಪಕರಣಗಳನ್ನು ದುರಸ್ತಿ ಮಾಡುವವರು ಇಂದಿಗೂ ಇದನ್ನು ಕೈಬಿಡದಿರುವುದಕ್ಕೆ ಕಾರಣಗಳಿವೆ: ಅದು ಆರುತ್ತಲೇ ಹಿಡಿತ ಕೊಡುತ್ತದೆ, ಒಣಗುತ್ತಾ ಸಂದನ್ನು ಬಿಗಿಯಾಗಿ ಎಳೆದುಕೊಳ್ಳುತ್ತದೆ, ಮುಂದೊಂದು ದಿನ ಬಿಚ್ಚಬೇಕಾಗಿ ಬಂದರೆ ಬಿಸಿಗೂ ತೇವಕ್ಕೂ ಬಿಟ್ಟುಕೊಡುತ್ತದೆ. ಈ ಗುಣಗಳೆಲ್ಲ ಒಂದೇ ಷರತ್ತಿನ ಮೇಲೆ ನಿಂತಿವೆ. ಕೆಲಸ ನಡೆಯುವಷ್ಟು ಹೊತ್ತೂ ಅಂಟು 60 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲೇ ಇರಬೇಕು.

ಈ ಕೆಲಸಕ್ಕೆಂದೇ ತಯಾರಿಸಿದ ವಿದ್ಯುತ್ ಪಾತ್ರೆಗಳು ಸಿಗುತ್ತವೆ. ಅವು ಗಟ್ಟಿಮುಟ್ಟಾಗಿರುತ್ತವೆ, ಒಳಗಿನ ಥರ್ಮಾಸ್ಟಾಟ್ ಸರೇಸಿಗೆ ಬೇಕಾದ ಕಾವಿಗೇ ಹೊಂದಿಸಿರುತ್ತದೆ, ದಿನವೂ ಎಂಟು ಗಂಟೆ ಉರಿದರೂ ದೂರು ಹೇಳುವುದಿಲ್ಲ. ಆದರೆ ಅವುಗಳ ಬೆಲೆ ಮುಂದೆ ಹೇಳಲಿರುವ ಸಾಮಾನ್ಯ ಉಪಕರಣಗಳ ಹಲವು ಪಟ್ಟಾಗುವುದರಿಂದ, ತಿಂಗಳಿಗೆ ಎರಡು ಮೂರು ಸಲ ಅಂಟು ಕಾಯಿಸುವವರಿಗೆ ಆ ಖರ್ಚು ಸಮರ್ಥನೀಯವೆನಿಸುವುದು ಕಷ್ಟ. ಹೀಗಾಗಿ ಬೇರೆ ಕೆಲಸಕ್ಕೆಂದು ತಯಾರಾದ ಅಗ್ಗದ ಹೀಟರ್‌ಗಳ ಕಡೆಗೆ ಕಣ್ಣು ಹೋಗುತ್ತದೆ. ಅವುಗಳಲ್ಲಿ ಬಹುಪಾಲನ್ನು ನಾನು ಬಳಸಿ ನೋಡಿದ್ದೇನೆ. ಕೆಲವು ಈಗಲೂ ಮೇಜಿನ ಮೇಲಿವೆ, ಕೆಲವು ಅಟ್ಟ ಸೇರಿವೆ.

ಅರವತ್ತು ಡಿಗ್ರಿಯ ಲೆಕ್ಕ

ಪಾತ್ರೆಗಳನ್ನು ಹೋಲಿಸುವ ಮೊದಲು ಅವು ಯಾವ ಕೆಲಸವನ್ನು ಮಾಡಬೇಕೆಂಬುದು ಖಚಿತವಾಗಬೇಕು. ಸರೇಸೆಂದರೆ ಚರ್ಮದಲ್ಲಿರುವ ಕೊಲಾಜನ್ ಎಂಬ ಪ್ರೋಟೀನು ಬಿಸಿನೀರಿನಲ್ಲಿ ಬಿಚ್ಚಿಕೊಂಡು ಜೆಲಟಿನ್ ಆದದ್ದು. ಅದರ ಬಲವೆಲ್ಲ ಇರುವುದು ಆ ಪ್ರೋಟೀನಿನ ಉದ್ದನೆಯ ಸರಪಳಿಗಳಲ್ಲಿ. ನೀರು ಮತ್ತು ಶಾಖ ಎರಡೂ ಸೇರಿದಾಗ ಈ ಸರಪಳಿಗಳು ನಿಧಾನವಾಗಿ ತುಂಡಾಗುತ್ತಾ ಹೋಗುತ್ತವೆ. 60 ಡಿಗ್ರಿಯಲ್ಲಿ ಆ ಕ್ರಿಯೆ ಒಂದು ದಿನದ ಕೆಲಸಕ್ಕೆ ತೊಂದರೆಯಾಗದಷ್ಟು ನಿಧಾನ, 70 ದಾಟಿದರೆ ಗಮನಕ್ಕೆ ಬರುವಷ್ಟು ಬೇಗ, ಕುದಿಯುವ ಹಂತದಲ್ಲಿ ಬಹಳ ಬೇಗ. ಹಾಗೆ ಬೆಂದ ಅಂಟು ನೋಡಲು ಇನ್ನೂ ಚೆನ್ನಾಗಿ, ತೆಳ್ಳಗೆ, ನಯವಾಗಿ ಹರಿಯುತ್ತದೆ. ಹಿಡಿತ ಮಾತ್ರ ಹೋಗಿರುತ್ತದೆ. ಇನ್ನೊಂದು ಕಡೆಗೆ, ಕಾವು 50ಕ್ಕಿಂತ ಕೆಳಗಿಳಿದರೆ ಅಂಟು ದಪ್ಪಗಾಗಿ ಮರದೊಳಗೆ ಇಳಿಯದೆ ಮೇಲೆಯೇ ನಿಲ್ಲತೊಡಗುತ್ತದೆ, ಸುಮಾರು 35 ಡಿಗ್ರಿಯ ಹತ್ತಿರ ಹೆಪ್ಪುಗಟ್ಟುತ್ತದೆ. ಕುಂಚದಿಂದ ಮರಕ್ಕೆ ಹೋಗುವಷ್ಟರಲ್ಲೇ ಅದು ಆರುತ್ತಿರುತ್ತದೆಂಬುದನ್ನು ನೆನೆದರೆ, ಪಾತ್ರೆಯೊಳಗೆ 60ರಿಂದ 63 ಡಿಗ್ರಿ ಇರಬೇಕೆಂದು ಅನುಭವಿಗಳು ಏಕೆ ಹೇಳುತ್ತಾರೆಂಬುದು ತಿಳಿಯುತ್ತದೆ.

ಅಂದರೆ ನಮಗೆ ಬೇಕಾದ ಪಾತ್ರೆಗೆ ಹೆಚ್ಚು ಬಿಸಿ ಮಾಡುವ ಶಕ್ತಿಯಿರಬೇಕಾಗಿಲ್ಲ. ಕಡಿಮೆ ಕಾವಿನಲ್ಲಿ ಸ್ಥಿರವಾಗಿ ನಿಲ್ಲುವ ಶಿಸ್ತಿರಬೇಕು. ಅಡುಗೆಮನೆಯ ಬಹುತೇಕ ಉಪಕರಣಗಳು ನೀರನ್ನು ಕುದಿಸಲೆಂದೇ ಹುಟ್ಟಿರುವುದರಿಂದ ಈ ಶಿಸ್ತು ಅವುಗಳಲ್ಲಿ ಅಪರೂಪ.

ಇದಕ್ಕೆ ಹಿಂದಿನವರು ಕಂಡುಕೊಂಡಿದ್ದ ಉಪಾಯ ಎರಡು ಪಾತ್ರೆಗಳದು. ಹೊರಗಿನ ಎರಕದ ಕಬ್ಬಿಣದ ಪಾತ್ರೆಯಲ್ಲಿ ನೀರು, ಅದರೊಳಗೆ ಇಳಿಬಿಟ್ಟ ಚಿಕ್ಕ ಪಾತ್ರೆಯಲ್ಲಿ ಅಂಟು. ಅಂಟಿಗೆ ಬೆಂಕಿ ನೇರವಾಗಿ ತಾಗದೆ ನೀರಿನ ಮೂಲಕವೇ ತಲುಪುವುದರಿಂದ ತಳ ಹೊತ್ತುವ ಭಯವಿಲ್ಲ, ಕಾವು ಏರಿಳಿದರೂ ಆ ಏರಿಳಿತ ನೀರಿನಲ್ಲೇ ಅರ್ಧ ಕರಗಿಹೋಗುತ್ತದೆ. ಇಂದು ನಾವು ಯಾವ ಹೀಟರನ್ನು ಕೊಂಡರೂ ಈ ನೀರಿನ ಪದರವನ್ನು ಬಿಡಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ. ಅಗ್ಗದ ಥರ್ಮಾಸ್ಟಾಟ್ ಹತ್ತು ಡಿಗ್ರಿ ಮೇಲೆ ಕೆಳಗೆ ಓಲಾಡಿದರೂ, ಅದರ ಮತ್ತು ಅಂಟಿನ ನಡುವೆ ಕಾಲು ಲೀಟರ್ ನೀರಿದ್ದರೆ, ಅಂಟು ಆ ಓಲಾಟದ ಸಣ್ಣ ಪಾಲನ್ನಷ್ಟೇ ಕಾಣುತ್ತದೆ. ನೀರಿಗಿಂತ ಅಗ್ಗವಾದ ನಿಯಂತ್ರಕ ಬೇರೆ ಸಿಗಲಾರದು.

ಎಷ್ಟು ಅಂಟು, ಎಷ್ಟು ವ್ಯಾಟ್

ಆಯ್ಕೆಯ ಮೊದಲ ಪ್ರಶ್ನೆ ಪಾತ್ರೆಯ ಗಾತ್ರದ್ದು. ಹೆಚ್ಚಿನವರು ಇಲ್ಲಿಯೇ ಅಗತ್ಯಕ್ಕಿಂತ ದೊಡ್ಡದನ್ನು ತಂದುಕೊಳ್ಳುತ್ತಾರೆ. ಮರಗೆಲಸಕ್ಕೆ ಸಾಮಾನ್ಯವಾಗಿ ಬಳಸುವ 192 ಗ್ರಾಂ ಬಲದ ಸರೇಸಿಗೆ ತೂಕದ ಲೆಕ್ಕದಲ್ಲಿ ಒಂದೂವರೆಯಿಂದ ಎರಡು ಪಾಲು ನೀರು ಸೇರಿಸುತ್ತೇವೆ. ಇಲ್ಲಿ ಗ್ರಾಂ ಎಂಬುದು ಅಂಟಿನ ತೂಕವಲ್ಲ. ತಣ್ಣಗೆ ಹೆಪ್ಪುಗಟ್ಟಿಸಿದ ದ್ರಾವಣವನ್ನು ನಿಗದಿತ ಅಳತೆಯ ದಂಡದಿಂದ 4 ಮಿಲಿಮೀಟರ್ ಒತ್ತಲು ಬೇಕಾಗುವ ಭಾರ, ಅಂದರೆ ಬ್ಲೂಮ್ ಪರೀಕ್ಷೆಯ ಅಂಕಿ. ವಾದ್ಯ ಕಟ್ಟುವವರು ಹೆಚ್ಚಾಗಿ ಆರಿಸಿಕೊಳ್ಳುವ 251 ಗ್ರಾಂ ಸರೇಸು ಇನ್ನೂ ಹೆಚ್ಚು ನೀರು ಕುಡಿಯುತ್ತದೆ, ಇನ್ನೂ ಬೇಗ ಹೆಪ್ಪುಗಟ್ಟುತ್ತದೆ. ಹೇಗಿದ್ದರೂ 50 ಗ್ರಾಂ ಒಣ ಅಂಟಿಗೆ 100 ಮಿಲಿಲೀಟರ್ ನೀರು ಸೇರಿದರೆ ಸಿಗುವ ಒಂದು ಚಿಕ್ಕ ಬಾಟಲಿಯಷ್ಟು ಅಂಟು, ಒಂದು ಕುರ್ಚಿಯ ಸಂದುಗಳಿಗೋ ಒಂದು ಪಿಟೀಲಿನ ಮೇಲ್ಹಲಗೆಗೋ ಧಾರಾಳವಾಗಿ ಸಾಕು. ದೊಡ್ಡ ಹಲಗೆಗಳಿಗೆ ವಿನಿಯರ್ ಹಚ್ಚುವವರಿಗೆ ಮಾತ್ರ ಅರ್ಧ ಲೀಟರ್ ಅಥವಾ ಅದಕ್ಕೂ ಹೆಚ್ಚಿನ ಅಗತ್ಯ ಬರುತ್ತದೆ.

ಎರಡನೆಯದು ವ್ಯಾಟ್. ಕಾಲು ಲೀಟರ್ ನೀರು, 150 ಮಿಲಿಲೀಟರ್ ಅಂಟು, ಎರಡೂ ಸೇರಿ 400 ಗ್ರಾಂನಷ್ಟನ್ನು 25 ಡಿಗ್ರಿಯಿಂದ 60ಕ್ಕೆ ಏರಿಸಲು ಸುಮಾರು 59 ಕಿಲೋಜೂಲ್ ಬೇಕು. 100 ವ್ಯಾಟ್‌ನ ಹೀಟರ್ ಇದನ್ನು ಲೆಕ್ಕದ ಪ್ರಕಾರ ಹತ್ತು ನಿಮಿಷದಲ್ಲಿ ಕೊಡುತ್ತದೆ. ಗಾಳಿಗೆ ಸೋರಿಹೋಗುವ ಶಾಖ ಮತ್ತು ಗಾಜಿನ ಬಾಟಲಿ ಬಿಸಿಯಾಗುವ ನಿಧಾನ ಸೇರಿ ವಾಸ್ತವದಲ್ಲಿ ಅರ್ಧ ಗಂಟೆಯಾಗುತ್ತದೆ. 20 ವ್ಯಾಟ್‌ನ ತಟ್ಟೆಗೆ ಇದೇ ಕೆಲಸಕ್ಕೆ ಲೆಕ್ಕದಲ್ಲಿ 49 ನಿಮಿಷ ಸಾಕು, ಆದರೆ ನಿಜವಾಗಿ ಅದು ಅಲ್ಲಿಗೆ ತಲುಪುವುದೇ ಇಲ್ಲ: 50 ಡಿಗ್ರಿಯ ಹತ್ತಿರ ಬರುವಷ್ಟರಲ್ಲಿ ಒಳಬರುವ 20 ವ್ಯಾಟ್‌ನಷ್ಟೇ ಶಾಖ ಪಾತ್ರೆಯ ಬದಿಗಳಿಂದಲೂ ಮೇಲ್ಮೈಯ ಆವಿಯಿಂದಲೂ ಹೊರಹೋಗುತ್ತಿರುತ್ತದೆ. ಇಷ್ಟು ತಿಳಿದರೆ ಕಾಫಿ ಬಟ್ಟಲು ಬೆಚ್ಚಗಿಡುವ ಮಗ್ ವಾರ್ಮರ್‌ಗಳ ವಿಷಯ ಮುಗಿಯಿತು. ಅವು ಬಹಳ ಅಗ್ಗ, ಬಹಳ ಚಂದ, ಆದರೆ ಬಿಸಿಯಾಗಿ ಸುರಿದ ಅಂಟನ್ನು ಸ್ವಲ್ಪ ಹೊತ್ತು ಹೆಪ್ಪುಗಟ್ಟದಂತೆ ಹಿಡಿದಿಡುವುದನ್ನು ಬಿಟ್ಟು ಹೆಚ್ಚಿನದನ್ನು ಅವುಗಳಿಂದ ನಿರೀಕ್ಷಿಸಬಾರದು. ಮೊಸರು ಮಾಡುವ ಯಂತ್ರಗಳದೂ ಇದೇ ಕಥೆ. ಅವು 42 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತವೆ.

ಮೇಣದ ಹೀಟರ್

ಸೌಂದರ್ಯ ಮಳಿಗೆಗಳಲ್ಲಿ ಕೂದಲು ತೆಗೆಯುವ ಮೇಣವನ್ನು ಕರಗಿಸಲು ಬಳಸುವ ವ್ಯಾಕ್ಸ್ ಹೀಟರ್, ಕಡಿಮೆ ಖರ್ಚಿನ ಆಯ್ಕೆಗಳಲ್ಲಿ ನನ್ನ ಮೊದಲ ಶಿಫಾರಸು. ಸಾಮಾನ್ಯವಾಗಿ ಇದು ಅರ್ಧ ಲೀಟರ್ ಹಿಡಿಯುವ ಅಲ್ಯೂಮಿನಿಯಂ ಪಾತ್ರೆ, ಅದನ್ನು ಸುತ್ತುವರಿದ 100 ವ್ಯಾಟ್‌ನ ಸುರುಳಿ, ಮುಂದೊಂದು ಗುಂಡಿ ಮತ್ತು ದೀಪ, ಮೇಲೊಂದು ಪಾರದರ್ಶಕ ಮುಚ್ಚಳ, ಇಷ್ಟೇ. ಶಾಖ ತಳದಿಂದ ಮಾತ್ರವಲ್ಲದೆ ಬದಿಗಳಿಂದಲೂ ಬರುತ್ತದೆ, ಪಾತ್ರೆಯನ್ನು ಹಿಡಿ ಹಿಡಿದು ಹೊರತೆಗೆಯಬಹುದು, ಗಾತ್ರ ಸರೇಸಿಗೆ ಅಳತೆ ಕೊಟ್ಟು ಮಾಡಿಸಿದಂತಿದೆ.

ಇದರ ದೌರ್ಬಲ್ಯವಿರುವುದು ಗುಂಡಿಯಲ್ಲಿ. ಹಲವು ಮಾದರಿಗಳಲ್ಲಿ ಅದರ ಮೇಲೆ ಡಿಗ್ರಿಗಳಿರುವುದಿಲ್ಲ. 'ಕಡಿಮೆ', 'ಹೆಚ್ಚು' ಎಂಬ ಗುರುತು ಅಥವಾ ಬರೀ ಅಂಕಿಗಳಿರುತ್ತವೆ, ಮತ್ತು ಆ ಅಂಕಿಗಳು ಮೇಣಕ್ಕೆ ಸಂಬಂಧಿಸಿದವು. ಡಿಗ್ರಿಗಳನ್ನು ತೋರಿಸುವ ಡಿಜಿಟಲ್ ಮಾದರಿಗಳಲ್ಲೂ ತೋರುವ ಅಂಕಿ ಹೊರಗೋಡೆಯ ಹತ್ತಿರವಿರುವ ಸಂವೇದಕದ್ದೇ ಹೊರತು ಒಳಗಿನ ಅಂಟಿನದಲ್ಲ. ನನ್ನಲ್ಲಿರುವ ಗುಂಡಿಯ ಮಾದರಿಯಲ್ಲಿ ನೀರಿಲ್ಲದೆ, ಅಂಟನ್ನು ನೇರವಾಗಿ ಅಲ್ಯೂಮಿನಿಯಂ ಪಾತ್ರೆಗೆ ಸುರಿದು ಒಮ್ಮೆ ಪರೀಕ್ಷಿಸಿದ್ದೆ: ನಡುವೆ 58 ಡಿಗ್ರಿ ಇದ್ದಾಗ ಗೋಡೆಯಂಚಿನಲ್ಲಿ 71 ಇತ್ತು, ಅಂಚಿನಲ್ಲಿ ಕಂದು ಬಣ್ಣದ ಉಂಗುರವೊಂದು ಒಣಗಿ ಅಂಟಿಕೊಂಡಿತ್ತು. ಅದೇ ಪಾತ್ರೆಗೆ ನೀರು ಹಾಕಿ, ನೀರಿನೊಳಗೆ ಅಗಲ ಬಾಯಿಯ ಗಾಜಿನ ಬಾಟಲಿಯಲ್ಲಿ ಅಂಟನ್ನಿಟ್ಟು ನೋಡಿದಾಗ, ಸುರುಳಿ ಹತ್ತಿ ಆರುತ್ತಿದ್ದರೂ ಅಂಟು 60 ಮತ್ತು 63ರ ನಡುವೆಯೇ ಉಳಿಯಿತು. ಒಂದೇ ಹೀಟರ್, ಗುಂಡಿಯೂ ಹೆಚ್ಚು ಕಡಿಮೆ ಅದೇ ಜಾಗದಲ್ಲಿ. ನಡುವೆ ಬಂದದ್ದು ಒಂದು ಲೋಟ ನೀರು.

ನೀರನ್ನು ಹಾಕಬೇಕಾದದ್ದು ಹೊರತೆಗೆಯಬಹುದಾದ ಒಳಪಾತ್ರೆಗೆ ಮಾತ್ರ. ಹೀಟರಿನ ಒಡಲಿಗೆ, ಸುರುಳಿಯಿರುವ ಕಡೆಗೆ, ಒಂದು ಹನಿಯೂ ಹೋಗಬಾರದು. ಆದ್ದರಿಂದ ಒಳಪಾತ್ರೆಯನ್ನು ಹೊರಗೆ ತೆಗೆದು, ಬಾಟಲಿಯನ್ನು ಇಳಿಸಿ, ನೀರು ಕಂಠದಿಂದ ಎರಡು ಬೆರಳು ಕೆಳಗೆ ನಿಲ್ಲುವಂತೆ ತುಂಬಿ, ಆಮೇಲೆ ಒರೆಸಿ ಒಳಗಿಡುವುದು ಕ್ರಮ. ಒಳಪಾತ್ರೆಯೇ ಇಲ್ಲದ, ಮೇಣವನ್ನು ನೇರವಾಗಿ ಒಡಲಿಗೇ ಹಾಕುವ ಮಾದರಿಗಳೂ ಇವೆ. ಅವು ಎಷ್ಟೇ ಅಗ್ಗವಾಗಿದ್ದರೂ ನಮ್ಮ ಕೆಲಸಕ್ಕೆ ಬೇಡ.

ಮಗುವಿನ ಹಾಲಿನ ಬಾಟಲಿಯ ವಾರ್ಮರ್

ಗಾತ್ರದಲ್ಲಿ ಇದು ಮೇಣದ ಹೀಟರಿಗಿಂತಲೂ ಚಿಕ್ಕದು, ಮತ್ತು ನೀರಿನ ಪದರವನ್ನು ತನ್ನೊಳಗೇ ಹೊಂದಿರುವ ಉಪಕರಣವೆಂಬುದು ಇದರ ದೊಡ್ಡ ಅನುಕೂಲ. ಇಲ್ಲಿ ನೀರನ್ನು ಒಡಲಿಗೇ ಹಾಕಲೆಂದು ವಿನ್ಯಾಸ ಮಾಡಿರುತ್ತಾರೆ. ಆದರೆ ಹಾಲು ಬೆಚ್ಚಗಿರಬೇಕಾದದ್ದು 40 ಡಿಗ್ರಿಯ ಹತ್ತಿರ. ಹೀಗಾಗಿ ಹಲವು ವಾರ್ಮರ್‌ಗಳಲ್ಲಿ ಹಾಲಿಗೊಂದು, ಮಗುವಿನ ಆಹಾರಕ್ಕೊಂದು, ಬಾಟಲಿಯನ್ನು ಕ್ರಿಮಿರಹಿತ ಮಾಡಲೊಂದು, ಹೀಗೆ ಮೂರು ಹಂತಗಳಷ್ಟೇ ಇರುತ್ತವೆ. ಮೊದಲನೆಯದು ಸರೇಸಿಗೆ ಸಾಲದು, ಕೊನೆಯದು ಅದನ್ನು ಕೊಲ್ಲುತ್ತದೆ. ನಡುವಿನದು ಎಷ್ಟು ಡಿಗ್ರಿಯೆಂಬುದರ ಮೇಲೆ ಎಲ್ಲವೂ ನಿಂತಿದೆ. ಒಂದೊಂದೇ ಡಿಗ್ರಿಯಾಗಿ ಹೊಂದಿಸಬಹುದಾದ, 60 ಅಥವಾ ಅದಕ್ಕಿಂತ ಮೇಲಕ್ಕೆ ಹೋಗುವ ಮಾದರಿ ಸಿಕ್ಕರೆ, ವಾದ್ಯ ದುರಸ್ತಿಯಂಥ ಸಣ್ಣ ಪ್ರಮಾಣದ ಕೆಲಸಕ್ಕೆ ಇದಕ್ಕಿಂತ ಒಳ್ಳೆಯದು ಈ ಬೆಲೆಗೆ ಸಿಗುವುದಿಲ್ಲ.

ಎರಡು ವಿಷಯಗಳನ್ನು ಕೊಳ್ಳುವ ಮೊದಲೇ ನೋಡಿಕೊಳ್ಳಬೇಕು. ಕೆಲವು ವಾರ್ಮರ್‌ಗಳು ನೀರನ್ನು ಆವಿಯಾಗಿಸಿ ಬಾಟಲಿಯನ್ನು ಬಿಸಿ ಮಾಡುತ್ತವೆ. ಆವಿಯೆಂದರೆ 100 ಡಿಗ್ರಿ, ಆ ಬಗೆಯವುಗಳನ್ನು ಮುಟ್ಟಲೇಬಾರದು. ಇನ್ನು ಕೆಲವು, ಸುರಕ್ಷತೆಗೆಂದು, ನಿಗದಿತ ಹೊತ್ತಿನ ನಂತರ ತಾವಾಗಿಯೇ ಆರಿಹೋಗುತ್ತವೆ. ಮಗುವಿನ ಹಾಲಿಗೆ ಇದು ಗುಣ; ಸಂದನ್ನು ಒತ್ತಿ ಹಿಡಿಯುವ ಶಿಕಂಜೆಗಳನ್ನೆಲ್ಲ (ಕ್ಲಾಂಪ್) ಜೋಡಿಸಿಕೊಂಡು, ಸಂದನ್ನು ಬೆಚ್ಚಗೆ ಮಾಡಿಕೊಂಡು, ಕುಂಚವನ್ನು ಅದ್ದಲು ಹೋದಾಗ ಅಂಟು ಮುದ್ದೆಯಾಗಿ ಕೂತಿರುವುದನ್ನು ಕಂಡವರಿಗೆ ಅದು ಗುಣವೆಂದು ತೋರುವುದಿಲ್ಲ. ಬಾಯಿಯ ಅಗಲವನ್ನೂ ಅಳೆದುಕೊಳ್ಳಿ: ಹಾಲಿನ ಬಾಟಲಿಗೆ ಸರಿಹೋಗುವ ಕುಳಿಯೊಳಗೆ ಅಗಲ ಬಾಯಿಯ ಜಾಮ್ ಬಾಟಲಿ ಎಷ್ಟೋ ಸಲ ಇಳಿಯುವುದೇ ಇಲ್ಲ.

ಸ್ಲೋ ಕುಕ್ಕರ್: ಹೆಸರು ನಂಬಿ ಕೆಟ್ಟದ್ದು

ನಿಧಾನವಾಗಿ ಬೇಯಿಸುವ ಸ್ಲೋ ಕುಕ್ಕರ್ ಸರೇಸಿಗೆ ಹೇಳಿ ಮಾಡಿಸಿದ್ದೆಂದು ಅನೇಕರು ನಂಬುತ್ತಾರೆ, ನಾನೂ ನಂಬಿದ್ದೆ. ಹೊಸದಾಗಿ ತಂದ ಸಣ್ಣ ಕುಕ್ಕರಿನಲ್ಲಿ ನೀರು ಹಾಕಿ, ಅಂಟಿನ ಬಾಟಲಿಯನ್ನಿಟ್ಟು, ಗುಂಡಿಯನ್ನು 'ಕಡಿಮೆ'ಗೆ ತಿರುಗಿಸಿ, ಒಂದು ಗಂಟೆಯಲ್ಲಿ ನೋಡಿದಾಗ ಥರ್ಮಾಮೀಟರ್ 59 ತೋರಿಸಿತ್ತು. ಇಷ್ಟು ಸುಲಭವೇ ಎಂದುಕೊಂಡು ಬೇರೆ ಕೆಲಸಕ್ಕೆ ಹೋದೆ. ಮೂರು ಗಂಟೆಯ ನಂತರ ಬಂದಾಗ ನೀರಿನ ಅಂಚಿನಲ್ಲಿ ಸಣ್ಣ ಗುಳ್ಳೆಗಳೇಳುತ್ತಿದ್ದವು, ಕೋಣೆಯಲ್ಲಿ ಸುಟ್ಟ ಕೊಂಬಿನಂಥ ವಾಸನೆಯಿತ್ತು, ಅಂಟು ಕಡು ಕಂದಾಗಿ ನೀರಿನಂತೆ ಹರಿಯುತ್ತಿತ್ತು. ಎಸೆಯಲು ಮನಸ್ಸಾಗದೆ ಅದರಲ್ಲೇ ಒಂದು ಪೆಟ್ಟಿಗೆಯ ಮೂಲೆಗಳನ್ನು ಕೂಡಿಸಿದೆ. ಮರುದಿನ ಶಿಕಂಜೆ ಸಡಿಲಿಸುವಾಗ ಎರಡು ಮೂಲೆಗಳು ಶಿಕಂಜೆಯ ಜೊತೆಗೇ ಬಿಚ್ಚಿಕೊಂಡವು.

ತಪ್ಪು ಕುಕ್ಕರಿನದಾಗಿರಲಿಲ್ಲ. ಸಾಮಾನ್ಯ ಸ್ಲೋ ಕುಕ್ಕರ್‌ಗಳಲ್ಲಿ ಕಡಿಮೆ, ಹೆಚ್ಚು ಎಂಬವು ಎರಡು ಬೇರೆ ಉಷ್ಣತೆಗಳಲ್ಲ. ಅಲ್ಲಿಗೆ ತಲುಪುವ ಎರಡು ವೇಗಗಳು. ಎರಡೂ ಕೊನೆಗೆ ಕುದಿಯುವ ಹಂತದ ಹತ್ತಿರಕ್ಕೇ ಹೋಗಿ ನಿಲ್ಲುತ್ತವೆ, ಏಕೆಂದರೆ ಆಹಾರ ಬೇಯಬೇಕಲ್ಲ. 'ಬೆಚ್ಚಗಿಡು' ಎಂಬ ಮೂರನೆಯ ಹಂತವಿದ್ದರೆ ಅದು ಸರೇಸಿಗೆ ಹತ್ತಿರ ಬರಬಹುದು, ಆದರೆ ಅಲ್ಲಿಯೂ ಆಹಾರ ಕೆಡದಂತೆ ನೋಡಿಕೊಳ್ಳುವುದು ತಯಾರಕರ ಉದ್ದೇಶವಾದ್ದರಿಂದ ಕಾವು 60ಕ್ಕಿಂತ ಮೇಲೆಯೇ ಇರುತ್ತದೆ, 75ರವರೆಗೂ ಹೋಗಬಹುದು.

ಹಾಗೆಂದು ಸ್ಲೋ ಕುಕ್ಕರನ್ನು ಪಟ್ಟಿಯಿಂದ ತೆಗೆಯಬೇಕಾಗಿಲ್ಲ. ಗೋಡೆಯ ಸಾಕೆಟ್ಟಿಗೂ ಉಪಕರಣಕ್ಕೂ ನಡುವೆ ಸಿಕ್ಕಿಸುವ ಪ್ರತ್ಯೇಕ ಥರ್ಮಾಸ್ಟಾಟ್ ನಿಯಂತ್ರಕಗಳು ಸಿಗುತ್ತವೆ. ಅವುಗಳ ತಂತಿಯ ತುದಿಯಲ್ಲಿರುವ ಸಂವೇದಕವನ್ನು ನೀರಿನಲ್ಲಿ ಅಂಟಿನ ಮಟ್ಟಕ್ಕೆ ಇಳಿಬಿಟ್ಟರೆ, ನೀರು ನಿಗದಿತ ಡಿಗ್ರಿ ಮುಟ್ಟಿದೊಡನೆ ಅದು ವಿದ್ಯುತ್ತನ್ನು ಕಡಿಯುತ್ತದೆ, ಒಂದು ಡಿಗ್ರಿ ಇಳಿದೊಡನೆ ಮತ್ತೆ ಕೊಡುತ್ತದೆ. ಕುಕ್ಕರಿನ ಭಾರವಾದ ಪಿಂಗಾಣಿ ಪಾತ್ರೆ ಶಾಖವನ್ನು ಹಿಡಿದಿಟ್ಟುಕೊಂಡಿರುವುದರಿಂದ ವಿದ್ಯುತ್ ಕಡಿದ ಮೇಲೂ ನೀರು ಕೆಲವು ಡಿಗ್ರಿ ಏರುತ್ತದೆ. ಮೊದಲ ಸಲ ಬಿಸಿಯಾಗುವಾಗ ಈ ಏರಿಕೆ ಹೆಚ್ಚು, ಒಮ್ಮೆ ಎಲ್ಲವೂ ಹದಕ್ಕೆ ಬಂದ ಮೇಲೆ ಕಡಿಮೆ. ಆದ್ದರಿಂದ ನಿಯಂತ್ರಕವನ್ನು ಮೊದಲು 57ಕ್ಕೆ ಇಟ್ಟು, ಏರಿಳಿತ ತಣಿದ ಮೇಲೆ 61ಕ್ಕೆ ತರುವುದು ನನ್ನ ರೂಢಿ.

ಈ ಜೋಡಿಗೆ ಕೊಳ್ಳುವ ಕುಕ್ಕರ್ ಆದಷ್ಟೂ ಸರಳವಾಗಿರಬೇಕು. ತಿರುಗಿಸಿದ ಗುಂಡಿ ತಿರುಗಿಸಿದಲ್ಲೇ ಇರುವ ಹಳೆಯ ಬಗೆಯದೇ ಬೇಕು. ಸ್ಪರ್ಶದ ಬಟನ್ನುಗಳೂ ಗಡಿಯಾರವೂ ಇರುವ ಡಿಜಿಟಲ್ ಕುಕ್ಕರ್ ವಿದ್ಯುತ್ ಹೋಗಿ ಬಂದೊಡನೆ ತಾನಾಗಿ ಶುರುವಾಗದೆ ಅಪ್ಪಣೆಗಾಗಿ ಕಾಯುತ್ತಾ ಕೂರುತ್ತದೆ. ಅಪರೂಪಕ್ಕೆ ಅಗ್ಗದ್ದೇ ಹೆಚ್ಚು ಉಪಯುಕ್ತವಾಗುವ ಸಂದರ್ಭ ಇದು. ಒಂದೂವರೆ ಲೀಟರಿನ ಸರಳ ಕುಕ್ಕರ್ ಮತ್ತು ಒಂದು ನಿಯಂತ್ರಕ, ಎರಡರ ಖರ್ಚೂ ಸೇರಿ ಮೇಣದ ಹೀಟರಿಗಿಂತ ಹೆಚ್ಚಾಗುತ್ತದೆ ನಿಜ. ಆದರೆ ಇದರಲ್ಲಿ ಎರಡು ಮೂರು ಬಾಟಲಿಗಳನ್ನು ಒಟ್ಟಿಗೆ ಇಡಬಹುದು, ದಿನವಿಡೀ ನಂಬಿ ಬಿಡಬಹುದು, ಮತ್ತು ನಿಯಂತ್ರಕ ಮುಂದೆ ಬೇರೆ ಯಾವ ಹೀಟರಿಗಾದರೂ ಒದಗುತ್ತದೆ.

ನಿಯಂತ್ರಕದ ಬದಲು ದೀಪ ಮತ್ತು ಫ್ಯಾನುಗಳ ಡಿಮ್ಮರ್ ಬಳಸುವವರಿದ್ದಾರೆ. ಡಿಮ್ಮರ್ ಶಕ್ತಿಯನ್ನು ಕಡಿಮೆ ಮಾಡುತ್ತದೆಯೇ ವಿನಾ ಉಷ್ಣತೆಯನ್ನು ಅಳೆಯುವುದಿಲ್ಲ. ಬೆಳಗಿನ ತಂಪಿನಲ್ಲಿ 60ಕ್ಕೆ ಹೊಂದಿಸಿದ್ದು ಮಧ್ಯಾಹ್ನದ ಸೆಕೆಯಲ್ಲಿ 68 ಆಗುತ್ತದೆ, ಮುಚ್ಚಳ ತೆಗೆದಿಟ್ಟರೆ 55ಕ್ಕೆ ಇಳಿಯುತ್ತದೆ. ಪಕ್ಕದಲ್ಲೇ ಕುಳಿತು ಕಾಯುವವರಿಗಾದರೆ ಆದೀತು. ಅದೂ ಒಳಗೆ ಎಲೆಕ್ಟ್ರಾನಿಕ್ ಮಂಡಲವಿಲ್ಲದ ಬರೀ ಸುರುಳಿಯ ಹೀಟರಿಗೆ ಮಾತ್ರ.

ರೈಸ್ ಕುಕ್ಕರ್, ಕೆಟಲ್, ಇಂಡಕ್ಷನ್ ಒಲೆ

ರೈಸ್ ಕುಕ್ಕರಿನ ಅಡುಗೆಯ ಹಂತ ನಮಗೆ ಬೇಡವೇ ಬೇಡ. ಪಾತ್ರೆಯ ತಳ 100 ಡಿಗ್ರಿ ದಾಟಿದಾಗಲಷ್ಟೇ ಅಯಸ್ಕಾಂತದ ಹಿಡಿತ ಬಿಟ್ಟು ಅದು ಆರುವಂತೆ ಮಾಡಿರುತ್ತಾರೆ. ಬೆಚ್ಚಗಿಡುವ ಹಂತ ಮಾತ್ರ ಪರೀಕ್ಷಿಸಲು ಯೋಗ್ಯ. ಅದು ಮಾದರಿಯಿಂದ ಮಾದರಿಗೆ 60 ಮತ್ತು 80ರ ನಡುವೆ ಎಲ್ಲಿ ಬೇಕಾದರೂ ಇರಬಹುದು. ಮನೆಯಲ್ಲಿ ಬಳಸದೆ ಬಿದ್ದಿರುವ ರೈಸ್ ಕುಕ್ಕರ್ ಇದ್ದರೆ ನೀರು ಹಾಕಿ ಎರಡು ಗಂಟೆ ಅಳೆದು ನೋಡಿ. 65ರೊಳಗೆ ನಿಂತರೆ ನಿಮ್ಮ ಅದೃಷ್ಟ, ಖರ್ಚಿಲ್ಲದೆ ಕೆಲಸವಾಯಿತು. ಇದಕ್ಕೆಂದೇ ಹೊಸದನ್ನು ಕೊಳ್ಳುವುದು ಜೂಜು.

ಡಿಗ್ರಿ ಹೊಂದಿಸಬಹುದಾದ ವಿದ್ಯುತ್ ಕೆಟಲ್ ಕಾಗದದ ಮೇಲೆ ಚೆನ್ನಾಗಿ ಕಾಣುತ್ತದೆ, ಆದರೆ ಅದರ ಕಾವು ಹಿಡಿದಿಡುವ ವ್ಯವಸ್ಥೆ ಹೆಚ್ಚಾಗಿ ಅರ್ಧ ಅಥವಾ ಒಂದು ಗಂಟೆಗೇ ಮುಗಿಯುತ್ತದೆ, ಬಾಯಿಯೂ ಇಕ್ಕಟ್ಟು. ಇಂಡಕ್ಷನ್ ಒಲೆಯ ಸಂವೇದಕ ಗಾಜಿನ ಕೆಳಗಿರುತ್ತದೆ. ಅದು ಪಾತ್ರೆಯ ತಳವನ್ನು ಅಂದಾಜಿನಲ್ಲಿ ಅಳೆದು, ಒಮ್ಮೆ ಜೋರಾಗಿ ಬಿಸಿ ಮಾಡಿ ಒಮ್ಮೆ ಸುಮ್ಮನಾಗುತ್ತದೆ. ದೊಡ್ಡ ಪಾತ್ರೆಯಲ್ಲಿ ಎರಡು ಮೂರು ಲೀಟರ್ ನೀರಿಟ್ಟರೆ ಆ ಏರಿಳಿತ ನುಂಗಿಹೋಗುತ್ತದೆ, ಇಲ್ಲವಾದರೆ ಕಷ್ಟ. ಸಾಮಾನ್ಯ ವಿದ್ಯುತ್ ಒಲೆಯ ಮೇಲೆ ನೀರಿನ ಪಾತ್ರೆಯಿಟ್ಟು ಮಾಡುವ ಕೆಲಸ ಎಂದಿನಂತೆ ನಡೆಯುತ್ತದೆ, ಕಣ್ಣು ಅಲ್ಲೇ ನೆಟ್ಟಿದ್ದರೆ.

ನೀರನ್ನು ತಿರುಗಿಸುವ ಹೀಟರ್

ಆಹಾರವನ್ನು ಚೀಲದಲ್ಲಿಟ್ಟು ಬೆಚ್ಚನೆಯ ನೀರಿನಲ್ಲಿ ಗಂಟೆಗಟ್ಟಲೆ ಬೇಯಿಸುವ ಸೂ ವೀಡ್ ಪದ್ಧತಿಗೆ ಬಳಸುವ ದಂಡದಾಕಾರದ ಹೀಟರ್, ನಿಖರತೆಯಲ್ಲಿ ಇಲ್ಲಿಯವರೆಗೆ ಹೇಳಿದ ಎಲ್ಲವನ್ನೂ ಹಿಂದೆ ಹಾಕುತ್ತದೆ. ನೀರನ್ನು ಸತತವಾಗಿ ತಿರುಗಿಸುತ್ತಾ ಅರ್ಧ ಡಿಗ್ರಿಯೂ ಆಚೀಚೆಯಾಗದಂತೆ ಹಿಡಿದಿಡುತ್ತದೆ. 61 ಎಂದು ಹೊಂದಿಸಿದರೆ 61. ಸಾವಿರ ವ್ಯಾಟ್ ಆಸುಪಾಸಿನ ಶಕ್ತಿಯಿರುವುದರಿಂದ 5 ಲೀಟರ್ ನೀರು ಕಾಲು ಗಂಟೆಯಲ್ಲಿ ಸಿದ್ಧ. ತೊಂದರೆಯೆಂದರೆ, ಆ ದಂಡ ಮುಳುಗುವಷ್ಟು ಆಳದ ನೀರು ಅದಕ್ಕೆ ಬೇಕೇ ಬೇಕು. ಅಂದರೆ ಬಕೆಟ್ಟಿನಂಥ ಪಾತ್ರೆ ಮೇಜಿನ ಮೇಲೆ ಬರುತ್ತದೆ, ಅದರಲ್ಲಿ ಅಂಟಿನ ಚಿಕ್ಕ ಬಾಟಲಿ ತೇಲದಂತೆಯೂ ಮಗುಚದಂತೆಯೂ ನಿಲ್ಲಿಸಲು ತಂತಿಯ ಕಟ್ಟೋ ಮರದ ಮುಚ್ಚಳವೋ ಬೇಕು. ನೂರು ಮಿಲಿಲೀಟರ್ ಅಂಟಿಗಾಗಿ ಇಷ್ಟು ಸಂಭ್ರಮ ಹೆಚ್ಚಾಯಿತು. ದೊಡ್ಡ ಮೇಜಿನ ಹಲಗೆಗೆ ವಿನಿಯರ್ ಹಚ್ಚುವಾಗ, ಒಂದು ಬಾಟಲಿಯಲ್ಲಿ ಗಟ್ಟಿ ಅಂಟು, ಇನ್ನೊಂದರಲ್ಲಿ ಮರಕ್ಕೆ ಮೊದಲು ಹಚ್ಚುವ ತೆಳು ಅಂಟು, ಮೂರನೆಯದರಲ್ಲಿ ಒರೆಸಲು ಬಿಸಿನೀರು, ಹೀಗೆ ಎಲ್ಲವನ್ನೂ ಒಂದೇ ಕಾವಿನಲ್ಲಿ ಇಟ್ಟುಕೊಳ್ಳಬೇಕಾದಾಗ ಮಾತ್ರ ಇದರ ಬೆಲೆ ತಿಳಿಯುತ್ತದೆ. ಈಗಾಗಲೇ ಅಡುಗೆಮನೆಯಲ್ಲಿ ಇಂಥದ್ದೊಂದು ಇರುವವರು ಬೇರೇನನ್ನೂ ಕೊಳ್ಳಬೇಕಾಗಿಲ್ಲ. ಅಂಟು ಬಾಟಲಿಯೊಳಗೇ ಇರುವುದರಿಂದ ಹೀಟರಿಗೆ ತಾಗುವುದೂ ಇಲ್ಲ.

ಹಳೆಯ ಎರಕದ ಕಬ್ಬಿಣದ ಜೋಡಿಪಾತ್ರೆ ಎಲ್ಲಿಯಾದರೂ ಕಣ್ಣಿಗೆ ಬಿದ್ದರೆ ಆಸೆಯಾಗುವುದು ಸಹಜ, ನನಗೂ ಆಗುತ್ತದೆ. ಅದು ಕೇವಲ ಪಾತ್ರೆ, ಕಾವಿನ ನಿಯಂತ್ರಣ ಬೇರೆಯೇ ಬೇಕೆಂಬುದು ಒಂದು ಮಾತು. ಅದಕ್ಕಿಂತ ಮುಖ್ಯವಾದದ್ದು ಒಳಪಾತ್ರೆಯ ಕಲಾಯಿ. ಅದು ಸವೆದುಹೋಗಿ ಕಬ್ಬಿಣ ಹೊರಬಿದ್ದಿದ್ದರೆ, ಅಂಟಿಗೆ ಬೆರೆಯುವ ಕಬ್ಬಿಣದ ಅಂಶ ಓಕ್‌ನಂಥ ಟ್ಯಾನಿನ್ ಹೆಚ್ಚಿರುವ ಮರಗಳಲ್ಲಿ ಸಂದಿನುದ್ದಕ್ಕೂ ನೀಲಿಗಪ್ಪು ಕಲೆಯಾಗಿ ಕೂರುತ್ತದೆ. ಕುಂಚದ ಪಟ್ಟಿ ಕಬ್ಬಿಣದ್ದಾಗಿದ್ದರೂ ಇದೇ ಫಲ. ಒಳಗೆ ಗಾಜಿನ ಬಾಟಲಿ ಇಟ್ಟರೆ ಹಳೆಯ ಪಾತ್ರೆಯ ಚಂದವೂ ಉಳಿಯಿತು, ಮರವೂ ಉಳಿಯಿತು.

ತಂದ ಮೇಲೆ ಮಾಡಬೇಕಾದ ಪರೀಕ್ಷೆ

ಯಾವ ಹೀಟರನ್ನು ತಂದರೂ ಮೊದಲ ದಿನ ಅದರಲ್ಲಿ ಅಂಟನ್ನು ಕಾಯಿಸಬೇಡಿ. ಹೊರಪಾತ್ರೆಗೆ ನೀರು ಹಾಕಿ, ಅಂಟಿನ ಬಾಟಲಿಗೂ ಬರೀ ನೀರನ್ನೇ ತುಂಬಿ, ಮುಚ್ಚಳವಿಟ್ಟು, ಒಳಗಿನ ಬಾಟಲಿಯಲ್ಲಿ ಥರ್ಮಾಮೀಟರ್ ಇಳಿಬಿಟ್ಟು ಎರಡು ಗಂಟೆ ಓಡಿಸಬೇಕು. ಹತ್ತು ನಿಮಿಷಕ್ಕೊಮ್ಮೆ ಅಂಕಿಯನ್ನು ಬರೆದುಕೊಂಡರೆ ಹೀಟರಿನ ಸ್ವಭಾವವೆಲ್ಲ ಒಂದು ಚೀಟಿಯ ಮೇಲೆ ಬಂದಿರುತ್ತದೆ. ಮೊದಲ ಗಂಟೆಯ ಅಂಕಿಯನ್ನು ನಂಬಬಾರದೆಂದು ಸ್ಲೋ ಕುಕ್ಕರ್ ನನಗೆ ಕಲಿಸಿದೆ. ಬಾಟಲಿಯೊಳಗಿನ ಅಂಕಿ ಹೊರಗಿನ ನೀರಿಗಿಂತ ಎರಡು ಮೂರು ಡಿಗ್ರಿ ಕಡಿಮೆಯಿರುವುದು ಸಾಮಾನ್ಯ; ಹೊಂದಿಸಬೇಕಾದದ್ದು ಒಳಗಿನ ಅಂಕಿಯನ್ನೇ. ಗುಂಡಿಯ ಸರಿಯಾದ ಜಾಗ ಸಿಕ್ಕೊಡನೆ ಅಲ್ಲೊಂದು ಗೀಟು ಹಾಕಿಬಿಡಿ.

ಥರ್ಮಾಮೀಟರೇ ಸುಳ್ಳು ಹೇಳುತ್ತಿದ್ದರೆ ಇದೆಲ್ಲ ವ್ಯರ್ಥ. ಪುಡಿ ಮಾಡಿದ ಮಂಜುಗಡ್ಡೆ ಮತ್ತು ನೀರು ಬೆರೆಸಿದ ಲೋಟದಲ್ಲಿ ಅದು 0 ತೋರಿಸಬೇಕು, ಕುದಿಯುವ ನೀರಿನಲ್ಲಿ ಸಮುದ್ರಮಟ್ಟದಲ್ಲಾದರೆ 100. ಪ್ರತಿ 300 ಮೀಟರ್ ಎತ್ತರಕ್ಕೆ ಕುದಿಯುವ ಬಿಂದು ಸುಮಾರು ಒಂದು ಡಿಗ್ರಿ ಇಳಿಯುತ್ತದೆಂಬುದನ್ನು ಲೆಕ್ಕಕ್ಕೆ ಹಿಡಿಯಬೇಕು. ಅಡುಗೆಗೆ ಬಳಸುವ ಮೊನೆಯಿರುವ ಸಣ್ಣ ಡಿಜಿಟಲ್ ಥರ್ಮಾಮೀಟರ್ ಸಾಕು. ದೂರದಿಂದ ಗುರಿಯಿಟ್ಟು ಅಳೆಯುವ ಇನ್ಫ್ರಾರೆಡ್ ಬಗೆಯದು ಮೇಲ್ಮೈಯ ಕಾವನ್ನಷ್ಟೇ ಹೇಳುತ್ತದೆ. ಸರೇಸಿನ ಮೇಲ್ಮೈ ಆವಿಯಾಗುತ್ತಾ ತಣ್ಣಗಾಗುವುದರಿಂದ ಅದರ ಮಾತನ್ನು ನಂಬಿ ಗುಂಡಿ ತಿರುಗಿಸಿದರೆ ಒಳಗಿನ ಅಂಟು ಬೇಯುತ್ತದೆ.

ಮುಚ್ಚಳ ಅಲಂಕಾರಕ್ಕಲ್ಲ. ತೆರೆದ ಬಾಟಲಿಯಲ್ಲಿ ಅರ್ಧ ಗಂಟೆಯೊಳಗೆ ಅಂಟಿನ ಮೇಲೆ ಹಾಲಿನ ಕೆನೆಯಂಥ ಪದರ ಕಟ್ಟುತ್ತದೆ, ನೀರು ಆರಿದಷ್ಟೂ ಅಂಟು ದಪ್ಪಗಾಗುತ್ತದೆ. ತಗಡಿನ ಮುಚ್ಚಳದಲ್ಲಿ ಕುಂಚದ ಹಿಡಿ ತೂರುವಷ್ಟು ತೂತು ಮಾಡಿದರೆ ಕುಂಚವೂ ಒಳಗೇ ಬೆಚ್ಚಗಿರುತ್ತದೆ, ಬಾಯಿಯೂ ಮುಚ್ಚಿರುತ್ತದೆ. ಹದ ನೋಡಲು ಕುಂಚವನ್ನು ಅದ್ದಿ ಒಂದು ಗೇಣು ಮೇಲೆತ್ತಬೇಕು: ಅಂಟು ಕಡಿಯದೆ ಒಂದೇ ಧಾರೆಯಾಗಿ ಇಳಿದು, ತಳದಲ್ಲಿ ಸದ್ದಿಲ್ಲದೆ ಬೆರೆಯಬೇಕು. ಹನಿಹನಿಯಾಗಿ ತಟತಟನೆ ಬಿದ್ದರೆ ನೀರು ಹೆಚ್ಚಾಗಿದೆ. ಮುದ್ದೆಯಾಗಿ ಜಾರಿದರೆ ಕಡಿಮೆಯಾಗಿದೆ, ಆಗ ಒಂದೆರಡು ಚಮಚ ಬಿಸಿನೀರು ಸೇರಿಸಿ ಕಲಕಬೇಕು. ತಣ್ಣೀರು ಸುರಿದರೆ ಬಾಟಲಿಯ ಕಾವು ಇಳಿದು ಮತ್ತೆ ಕಾಲು ಗಂಟೆ ಕಾಯುವ ಶಿಕ್ಷೆ.

ಇನ್ನು ಉಳಿದ ಅಂಟಿನ ವಿಷಯ, ಅದು ಪಾತ್ರೆಯ ಗಾತ್ರವನ್ನೂ ನಿರ್ಧರಿಸುತ್ತದೆ. ಸರೇಸನ್ನು ಮತ್ತೆ ಮತ್ತೆ ಕಾಯಿಸಿದಷ್ಟೂ ಅದು ಬಲಗುಂದುತ್ತದೆ. ಕೋಣೆಯ ಕಾವಿನಲ್ಲಿ ಬಿಟ್ಟರೆ ಕೆಲವೇ ದಿನಗಳಲ್ಲಿ ಬೂಷ್ಟು ಹಿಡಿದು ನಾರುತ್ತದೆ. ಹೀಗಾಗಿ ಒಮ್ಮೆಗೆ ಹೆಚ್ಚು ಅಂಟನ್ನು ಮಾಡಿಕೊಂಡವರು ಬಿಸಿಯಿರುವಾಗಲೇ ಅದನ್ನು ಚಪ್ಪಟೆ ತಟ್ಟೆಗೆ ಸುರಿದು, ಹೆಪ್ಪುಗಟ್ಟಿದ ಮೇಲೆ ಚೌಕ ತುಂಡುಗಳಾಗಿ ಕತ್ತರಿಸಿ, ಫ್ರೀಜರಿನಲ್ಲಿ ಇಟ್ಟುಕೊಳ್ಳುತ್ತಾರೆ. ಕೆಲಸದ ದಿನ ಎರಡೋ ಮೂರೋ ತುಂಡುಗಳನ್ನು ಬಾಟಲಿಗೆ ಹಾಕಿ ಹೀಟರಿನಲ್ಲಿಟ್ಟರೆ ಅರ್ಧ ಗಂಟೆಯಲ್ಲಿ ಹದವಾದ ಅಂಟು ಸಿದ್ಧವಾಗುತ್ತದೆ. ಈ ಕ್ರಮಕ್ಕೆ ಬಂದ ಮೇಲೆ ನನ್ನ ಮೇಜಿನ ಮೇಲೆ ಸ್ಲೋ ಕುಕ್ಕರಿನ ಜಾಗವನ್ನು ಮೇಣದ ಹೀಟರೇ ಹಿಡಿದಿದೆ. ಕುಕ್ಕರೂ ನಿಯಂತ್ರಕವೂ ವಿನಿಯರ್ ಕೆಲಸವಿದ್ದಾಗ ಮಾತ್ರ ಅಟ್ಟದಿಂದ ಇಳಿಯುತ್ತವೆ.